ರೈಜನ್ 5 3600 ಡೆಸ್ಕ್‌ಟಾಪ್, ಐದು ವರ್ಷದ ನಂತರ: ಓಡೋದಕ್ಕೆ ತಕರಾರಿರಲಿಲ್ಲ, ಏಳೋದಕ್ಕೇ ತಕರಾರು

ಈ ಪಿಸಿ ಕಟ್ಟಿದ್ದು 2020ರ ಅಕ್ಟೋಬರ್‌ನಲ್ಲಿ. ಹಾಸನದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶ, ನಾಮಕರಣದ ವಿಡಿಯೋ ಎಡಿಟ್ ಮಾಡಿಕೊಡುತ್ತೇನೆ. ಬಿಡಿಭಾಗಗಳನ್ನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡು, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದು ಮನೆಯಲ್ಲೇ ಜೋಡಿಸಿದೆ. ಎಎಂಡಿ ರೈಜನ್ 5 3600, ಬಿ450 ಚಿಪ್‌ಸೆಟ್‌ನ ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್. ರ‍್ಯಾಮ್ ಡಬ್ಬಿ ಮೇಲೆ 3200 ಅಂತ ಬರೆದಿತ್ತು, ಅದು ಅದರ ವೇಗ.

ಮೊದಲು ಪ್ರೊಸೆಸರ್ ಬಗ್ಗೆ ಹೇಳಿಬಿಡುತ್ತೇನೆ, ಅದರಲ್ಲಿ ಹೇಳಲು ಜಾಸ್ತಿ ಇಲ್ಲ. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್. ಜೊತೆಗೆ ಬಂದ ಕೂಲರ್ ಬೇಸಿಗೆಯಲ್ಲಿ ಸ್ವಲ್ಪ ಗದ್ದಲ ಮಾಡುತ್ತಿತ್ತು, ಎರಡನೇ ವರ್ಷ ಬೇರೆ ಹಾಕಿದೆ. ಅಷ್ಟೇ. ಐದು ವರ್ಷದಲ್ಲಿ ಒಂದು ದಿನವೂ ಈ ಚಿಪ್ ನನಗೆ ಕೈ ಕೊಟ್ಟಿಲ್ಲ. ಕೈ ಕೊಟ್ಟಿದ್ದು ನನ್ನ ಆಸೆ.

2021ರ ಲಾಕ್‌ಡೌನ್‌ನಲ್ಲಿ ಮದುವೆಗಳಿಗೆ ನಾಲ್ಕು ಜನ ಸೇರುವುದೇ ಕಷ್ಟವಾಗಿತ್ತು, ಇನ್ನು ವಿಡಿಯೋ ಎಲ್ಲಿಂದ ಬರಬೇಕು? ಸುಮ್ನೆ ಕೂತವನಿಗೆ ಓವರ್‌ಕ್ಲಾಕ್ ಹುಚ್ಚು ಹತ್ತಿತು, ಅಂದರೆ ಚಿಪ್‌ಗಳನ್ನು ನಿಗದಿತ ವೇಗಕ್ಕಿಂತ ಜಾಸ್ತಿ ಓಡಿಸುವ ಹುಚ್ಚು. ಪ್ರೊಸೆಸರ್‌ನ ಎಲ್ಲಾ ಕೋರ್‌ಗಳನ್ನೂ 4.2 ಗಿಗಾಹರ್ಟ್ಸ್‌ಗೆ ಕೂರಿಸಿದೆ. ರ‍್ಯಾಮನ್ನು 3200ರಿಂದ 3600ಕ್ಕೆ ಏರಿಸಿದೆ. ಎರಡು ವರ್ಷ ಯಾವ ತೊಂದರೆಯೂ ಇರಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಈ ವಿಮರ್ಶೆ ಇಲ್ಲೇ ಮುಗಿಯುತ್ತಿತ್ತು.

2023ರ ಆಗಸ್ಟ್‌ನಲ್ಲಿ ರ‍್ಯಾಮನ್ನು 3733ಕ್ಕೆ ಒಯ್ದೆ. ಯಾಕೆ ಅಂದರೆ ಹೇಳೋಕೆ ಕಾರಣ ಇಲ್ಲ. ಹೋಗುತ್ತೆ ಅಂತ ಗೊತ್ತಾಯಿತು, ಹೋದೆ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿಸಿದೆ, ಒಂದೂ ತಪ್ಪು ಬರಲಿಲ್ಲ. ಪ್ರೊಸೆಸರನ್ನು ಪೂರ್ತಿ ದುಡಿಸಿ ನೋಡುವ ಪ್ರೈಮ್95 ಆರು ಗಂಟೆ ಓಡಿಸಿದೆ, ಅದೂ ಪಾಸ್. ಪರೀಕ್ಷೆ ಮುಗೀತು ಅಂದುಕೊಂಡೆ.

ತೊಂದರೆ ಶುರುವಾಗಿದ್ದು ಆ ವರ್ಷದ ನವೆಂಬರ್ ಕೊನೆಗೆ. ಬೆಳಿಗ್ಗೆ ಆರೂವರೆಗೆ ಸ್ಟುಡಿಯೋ ಬಾಗಿಲು ತೆಗೆದು ಬಟನ್ ಒತ್ತಿದೆ. ಫ್ಯಾನ್ ತಿರುಗಿತು. ಕೀಬೋರ್ಡ್ ದೀಪ ಬರಲಿಲ್ಲ. ಮಾನಿಟರ್ 'ನೋ ಸಿಗ್ನಲ್' ಅಂತ ತೋರಿಸಿ ಮಲಗಿತು. ಮದರ್‌ಬೋರ್ಡ್‌ನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ನಾಲ್ಕು ದೀಪಗಳಿವೆ: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಅದರಲ್ಲಿ ಎರಡನೆಯದು ಹಳದಿಯಾಗಿ ಉರಿಯುತ್ತಾ ನಿಂತಿತು. ಅರ್ಧ ನಿಮಿಷಕ್ಕೆ ಎಲ್ಲಾ ತಾನಾಗಿ ಆಫ್ ಆಯಿತು. ಮತ್ತೆ ತಾನಾಗಿ ಆನ್. ಮತ್ತೆ ಹಳದಿ. ಮೂರನೇ ಸಲಕ್ಕೆ ಏನೂ ಆಗದವರ ಹಾಗೆ ವಿಂಡೋಸ್ ಬಂತು. ಅವತ್ತು ಇಡೀ ದಿನ ಒಂದು ಚೂರೂ ಮಿಸುಕಾಡದೆ ಕೆಲಸ ಮಾಡಿತು.

ಮರುದಿನ ಸರಿ ಇತ್ತು. ಅದರ ಮರುದಿನವೂ ಸರಿ. ನಾಲ್ಕನೇ ದಿನ ಮತ್ತೆ ಅದೇ ಕತೆ. ಪೂರ್ತಿ ಕೆಟ್ಟುಹೋದ ಯಂತ್ರವನ್ನು ರಿಪೇರಿ ಮಾಡಬಹುದು. ಒಮ್ಮೊಮ್ಮೆ ಮಾತ್ರ ಕೆಡುವುದನ್ನು ಹಿಡಿಯುವುದೇ ಕಷ್ಟ. ಡಾಕ್ಟರ್ ಹತ್ತಿರ ಹೋದ ಕೂಡಲೇ ಮಗುವಿನ ಜ್ವರ ಇಳಿದುಬಿಡುತ್ತಲ್ಲ, ಹಾಗೆ. ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿ ಹತ್ತಕ್ಕೆ ಹತ್ತು ಸಲ ಸರಿಯಾಗಿ ಎದ್ದಿತು.

"ಸರ್, ಓವರ್‌ಕ್ಲಾಕ್ ಗೀವರ್‌ಕ್ಲಾಕ್ ಏನಾದ್ರೂ ಮಾಡಿದ್ದೀರಾ?" ಅಂತ ಅಂಗಡಿಯವರು ಕೇಳಿದರು.

"ಇಲ್ಲಪ್ಪ, ಅಂಥದ್ದೇನಿಲ್ಲ" ಅಂದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಆಗಿತ್ತು ನನ್ನ ಮುಖ. ಮೆಮ್‌ಟೆಸ್ಟ್ ಪಾಸಾಗಿದೆ, ಇನ್ನು ಅದರ ಮಾತೇಕೆ ಅನ್ನೋ ಧೈರ್ಯ ಬೇರೆ.

ಅವರು ಪಾಪ ತಮಗೆ ಗೊತ್ತಿದ್ದನ್ನೆಲ್ಲ ಮಾಡಿದರು. ರ‍್ಯಾಮ್ ಕಿತ್ತು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರ್‌ನಲ್ಲಿ ಉಜ್ಜಿ ಮತ್ತೆ ಕೂರಿಸಿದರು. ನಗಬೇಡಿ, ಹಳೇ ಪಿಸಿಗಳಲ್ಲಿ ಇದು ನಿಜಕ್ಕೂ ಕೆಲಸ ಮಾಡುತ್ತೆ. ಧೂಳು ಊದಿದರು. ಕೊನೆಗೆ "ಎಸ್‌ಎಂಪಿಎಸ್ ವೀಕ್ ಆಗಿದೆ ಸರ್" ಅಂದರು. ಪಿಸಿಗೆ ಕರೆಂಟ್ ಒದಗಿಸುವ ಡಬ್ಬಿ ಅದು. ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ಹೊಸ 550 ವ್ಯಾಟ್‌ನದ್ದು ಹಾಕಿಸಿದೆ.

ಆಮೇಲೆ ಎರಡು ವಾರ ತೊಂದರೆಯೇ ಇಲ್ಲ! ಸರಿಯಾಯಿತು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಆದರೆ ಎಕ್ಸ್‌ಪೋರ್ಟ್ ಯಾಕೋ ನಿಧಾನ ಅನ್ನಿಸುತ್ತಿತ್ತು. ಒಂದು ದಿನ ಟಾಸ್ಕ್ ಮ್ಯಾನೇಜರ್ ತೆಗೆದು, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ ನೋಡಿದೆ. ಸ್ಪೀಡ್: 2400. ನಾನು ಇಟ್ಟಿದ್ದು 3733 ಅಲ್ವಾ? ನಮ್ಮ ಸ್ಟುಡಿಯೋದಲ್ಲಿ ಕೆಲಸಕ್ಕಿರುವ ಹುಡುಗನನ್ನು ಕೇಳಿದೆ.

"ಅವತ್ತು ಬೆಳಿಗ್ಗೆ ನಾನೇ ಬಂದು ಆನ್ ಮಾಡಿದ್ನಲ್ಲ ಅಣ್ಣ, ಇಂಗ್ಲಿಷ್‌ನಲ್ಲಿ ಏನೋ ಬಂದಿತ್ತು. ಎಫ್1 ಒತ್ತು ಅಂತಿತ್ತು, ಒತ್ತಿದೆ. ಆಮೇಲೆ ಸೇವ್ ಅಂಡ್ ಎಕ್ಸಿಟ್ ಕೊಟ್ಟೆ. ಬಂತು."

ಬಂದಿದ್ದು ಹೀಗೆ. ಬೋರ್ಡು ಮೂರು ಸಲ ಪ್ರಯತ್ನಿಸಿ, ಆಗದೆ, ನನ್ನ ಸೆಟ್ಟಿಂಗ್‌ಗಳನ್ನೆಲ್ಲ ಬದಿಗಿಟ್ಟು ರ‍್ಯಾಮನ್ನು ಅದರ ಮಾಮೂಲಿ ವೇಗಕ್ಕೆ ಇಳಿಸಿತ್ತು. ಹುಡುಗ ಅದನ್ನೇ ಸೇವ್ ಮಾಡಿದ. ಎರಡು ವಾರ ಚೆನ್ನಾಗಿ ಎದ್ದಿದ್ದು ಹೊಸ ಎಸ್‌ಎಂಪಿಎಸ್‌ನಿಂದ ಅಲ್ಲ, ಓವರ್‌ಕ್ಲಾಕ್ ಹೋಗಿದ್ದರಿಂದ. ಹಳೇ ಎಸ್‌ಎಂಪಿಎಸ್ ಈಗಲೂ ಮನೆಯ ಇನ್ನೊಂದು ಪಿಸಿಯಲ್ಲಿ ಆರಾಮಾಗಿ ಓಡುತ್ತಿದೆ.

ಅಷ್ಟು ಹೊತ್ತಿಗೆ ಧನುರ್ಮಾಸ ಬಂದಿತ್ತು. ಆ ತಿಂಗಳು ಮದುವೆ ಇರಲ್ಲ, ಬಾಕಿ ಎಡಿಟಿಂಗ್ ಮುಗಿಸುವ ಕಾಲ. ಹಾಸನದಲ್ಲಿ ಚಳಿಯೂ ಜೋರು. ಮತ್ತೆ 3733ನ್ನೇ ಹಾಕಿ, ಹಳೇ ಡೈರಿಯೊಂದರಲ್ಲಿ ಬರೆಯಲು ಶುರು ಮಾಡಿದೆ: ತಾರೀಖು, ಗಂಟೆ, ಎಷ್ಟನೇ ಸಲಕ್ಕೆ ಎದ್ದಿತು, ಎಷ್ಟು ಹೊತ್ತು ಆಫ್ ಆಗಿತ್ತು. ಮೂರು ವಾರಕ್ಕೆ ಚಿತ್ರ ತಾನಾಗಿ ಮೂಡಿತು. ಕೈ ಕೊಡುವುದು ದಿನದ ಮೊದಲ ಸಲ ಮಾತ್ರ. ರೀಸ್ಟಾರ್ಟ್ ಕೊಟ್ಟರೆ ಒಮ್ಮೆಯೂ ಇಲ್ಲ. ಮಧ್ಯಾಹ್ನ ಊಟಕ್ಕೆ ಆಫ್ ಮಾಡಿ ಬಂದರೂ ಇಲ್ಲ. ಇಡೀ ರಾತ್ರಿ ತಣ್ಣಗೆ ಮಲಗಿದ್ದರೆ ಮಾತ್ರ.

ಇದರ ಹಿಂದಿನ ವಿಷಯ ಹೀಗೆ. ಪಿಸಿ ಆನ್ ಆದಾಗ ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಮತ್ತು ರ‍್ಯಾಮ್ ಚಿಪ್‌ಗಳು ಮೊದಲು ಒಂದು ಹೊಂದಾಣಿಕೆಗೆ ಬರಬೇಕು. ಸಿಗ್ನಲ್ ಯಾವ ಕ್ಷಣಕ್ಕೆ ಕಳಿಸಬೇಕು, ಯಾವ ಕ್ಷಣಕ್ಕೆ ಓದಬೇಕು, ಎಷ್ಟು ವೋಲ್ಟೇಜನ್ನು ಸೊನ್ನೆಯಲ್ಲ, 'ಒಂದು' ಅಂತ ಲೆಕ್ಕ ಹಾಕಬೇಕು. ಇದಕ್ಕೆ ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ಮಂಗಳವಾದ್ಯದವರು ಮಂಟಪದಲ್ಲಿ ಕೂತ ಕೂಡಲೇ ಶ್ರುತಿ ಹಿಡಿಯುತ್ತಾರಲ್ಲ, ಅದೇ. ವೇಗ ಜಾಸ್ತಿ ಆದಷ್ಟೂ ಶ್ರುತಿ ಕೂರುವ ಜಾಗ ಕಿರಿದಾಗುತ್ತೆ. ಚಿಪ್ ತಣ್ಣಗಿದ್ದಾಗ ಆ ಜಾಗ ಸ್ವಲ್ಪ ಆಚೀಚೆ ಸರಿಯುತ್ತೆ. 3733ರಲ್ಲಿ ನನ್ನದು ಗೆರೆ ಮೇಲೆ ನಿಂತಿತ್ತು. ಹಾಗಾಗಿ ಒಂದು ದಿನ ಈಚೆ, ಒಂದು ದಿನ ಆಚೆ.

ನಾನು ಓಡಿಸಿದ ಮೆಮ್‌ಟೆಸ್ಟ್ ಇದನ್ನು ಹಿಡಿಯಲು ಸಾಧ್ಯವೇ ಇರಲಿಲ್ಲ. ಅದು ಶುರುವಾಗುವುದೇ ಟ್ರೈನಿಂಗ್ ಪಾಸಾದ ಮೇಲೆ. ರಾತ್ರಿಯಿಡೀ ಟೆಸ್ಟ್ ಓಡಿಸಿದ್ದಕ್ಕಿಂತ, ರಾತ್ರಿಯಿಡೀ ಆಫ್ ಮಾಡಿಟ್ಟು ಬೆಳಿಗ್ಗೆ ಬಟನ್ ಒತ್ತಿದ್ದರೆ ಹೆಚ್ಚು ತಿಳಿಯುತ್ತಿತ್ತು.

ಇಷ್ಟು ಗೊತ್ತಾದ ಮೇಲೂ ಡೈರಿಯಲ್ಲಿ ಎರಡು ದಿನಗಳು ಲೆಕ್ಕಕ್ಕೆ ಸಿಗಲಿಲ್ಲ. ಆ ದಿನ ಹಳದಿ ದೀಪ ನಿಂತಿರಲಿಲ್ಲ, ಮೂರು ಸಲ ಆಫ್-ಆನ್ ಆಗಿರಲಿಲ್ಲ, ಆದರೂ ಸೆಟ್ಟಿಂಗ್ ಎಲ್ಲ ಹಾರಿಹೋಗಿತ್ತು. ಬ್ರೌಸರ್‌ನಲ್ಲಿ ಯಾವ ಪುಟವೂ ತೆರೆಯುತ್ತಿರಲಿಲ್ಲ. ಮೂಲೆಯಲ್ಲಿ ತಾರೀಖು ನೋಡಿದರೆ 2019! ಪಿಸಿ ಕೊಂಡಿದ್ದಕ್ಕಿಂತ ಹಿಂದಕ್ಕೆ ಹೋಗಿತ್ತು.

ಇದು ಬೇರೆಯೇ ಕಾಯಿಲೆ. ಮದರ್‌ಬೋರ್ಡ್‌ನಲ್ಲಿ ರೂಪಾಯಿ ನಾಣ್ಯದ ಹಾಗಿರುವ ಸಿಆರ್2032 ಬ್ಯಾಟರಿ ಇರುತ್ತೆ. ಗಡಿಯಾರವನ್ನೂ ಬಯೋಸ್ (ಪಿಸಿ ಏಳುವಾಗ ಮೊದಲು ಓಡುವ, ಬೋರ್ಡಿನ ಒಳಗಿನ ಪ್ರೋಗ್ರಾಂ) ಸೆಟ್ಟಿಂಗನ್ನೂ ಕಾಯುವುದು ಅದು. ಪಿಸಿ ಆಫ್ ಇದ್ದರೂ ಗೋಡೆ ಸ್ವಿಚ್ ಆನ್ ಇದ್ದರೆ ಎಸ್‌ಎಂಪಿಎಸ್ ಬೋರ್ಡಿಗೆ ಸ್ವಲ್ಪ ಕರೆಂಟ್ ಕೊಡುತ್ತಲೇ ಇರುತ್ತೆ, ಬ್ಯಾಟರಿಗೆ ಕೆಲಸ ಕಡಿಮೆ. ನಮ್ಮಲ್ಲಿ ಹಾಗೆ ಬಿಡುತ್ತಾರಾ? ನನ್ನವಳು ರಾತ್ರಿ ಬಾಗಿಲು ಹಾಕುವಾಗ ಒಂದು ಸ್ವಿಚ್ಚೂ ಉಳಿಸಲ್ಲ. "ಗುಡುಗು ಮಿಂಚು ಬಂದ್ರೆ ಯಾರ‍್ರೀ ಹೊಣೆ?" ಅನ್ನುತ್ತಾಳೆ. ಅವಳದ್ದೂ ಸರಿಯೇ. ಮೂರು ವರ್ಷ ಪ್ರತಿ ರಾತ್ರಿ ಪೂರ್ತಿ ಭಾರ ಆ ಬ್ಯಾಟರಿ ಮೇಲೇ ಬಿದ್ದಿತ್ತು. ಮಲ್ಟಿಮೀಟರ್ ಇಟ್ಟರೆ 2.6 ವೋಲ್ಟ್ ತೋರಿಸಿತು. ಹೊಸದು 3 ವೋಲ್ಟ್‌ಗಿಂತ ಮೇಲೇ ಇರುತ್ತೆ. ವಾಚ್ ಅಂಗಡಿಯಲ್ಲಿ ನಲವತ್ತು ರೂಪಾಯಿಗೆ ಸಿಕ್ಕಿತು.

ಎರಡು ಕಾಯಿಲೆಗೂ ಹೊರಗೆ ಕಾಣುವ ಲಕ್ಷಣ ಒಂದೇ: ಸೆಟ್ಟಿಂಗ್ ಹೋಗಿದೆ. ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದು ಇವೆರಡನ್ನೂ ಒಂದೇ ಅಂದುಕೊಂಡು. ನಿಮಗೂ ಹೀಗಾದರೆ ಮೊದಲು ಗಡಿಯಾರ ನೋಡಿ. ಟೈಮ್ ಸರಿಯಿದ್ದು ಸೆಟ್ಟಿಂಗ್ ಮಾತ್ರ ಹೋಗಿದ್ದರೆ ಟ್ರೈನಿಂಗ್ ಕಡೆ ಅನುಮಾನ ಪಡಿ. ಟೈಮೂ ಹಿಂದಕ್ಕೆ ಹೋಗಿದ್ದರೆ ಮೊದಲು ಬ್ಯಾಟರಿ ಬದಲಿಸಿ, ಆಮೇಲೆ ಮಿಕ್ಕಿದ್ದು. ಇಂಟರ್‌ನೆಟ್ ಸಿಕ್ಕ ಮೇಲೆ ವಿಂಡೋಸ್ ತಾನೇ ಟೈಮ್ ಸರಿಮಾಡಿಕೊಂಡುಬಿಡಬಹುದು, ಹಾಗಾಗಿ ಬಯೋಸ್ ಒಳಗೇ ನೋಡುವುದು ವಾಸಿ.

ಬ್ಯಾಟರಿ ಹಾಕಿದ ಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ, ಒಂದು ವಾರ ಕಾಯುವುದು ಅಂತ ನಿಯಮ ಮಾಡಿಕೊಂಡೆ. ಮೊದಲಿಗೆ ಪ್ರೊಸೆಸರ್ ಓವರ್‌ಕ್ಲಾಕ್ ತೆಗೆದೆ. ಬೆಳಗಿನ ಹಟ ಹಾಗೇ ಇತ್ತು, ಅಂದರೆ ಅದರ ಪಾತ್ರ ಇಲ್ಲ. ಆದರೂ ಮತ್ತೆ ಹಾಕಲಿಲ್ಲ. ರೈಜನ್ 5 3600 ಪ್ರೊಸೆಸರ್ ತಾನಾಗಿಯೇ ಒಂದೆರಡು ಕೋರ್‌ಗಳನ್ನು 4.2ರವರೆಗೆ ಏರಿಸುತ್ತೆ. ನಾನು ಮಾಡಿದ್ದರಿಂದ ಶಾಖ ಜಾಸ್ತಿಯಾಗಿತ್ತೇ ವಿನಾ ದೊಡ್ಡ ಲಾಭ ಇರಲಿಲ್ಲ.

ಎರಡನೆಯದು ಕುತೂಹಲದ್ದು. ರ‍್ಯಾಮ್‌ಗೆ ನಾನು 1.40 ವೋಲ್ಟ್ ಕೊಟ್ಟಿದ್ದೆ. ಡಿಡಿಆರ್4ರ ಮಾಮೂಲಿ 1.2, ಎಕ್ಸ್‌ಎಂಪಿ (ಡಬ್ಬಿ ಮೇಲಿನ ವೇಗವನ್ನು ಒಂದೇ ಆಯ್ಕೆಯಲ್ಲಿ ಕೂರಿಸುವ ಸೆಟ್ಟಿಂಗ್) ಹಾಕಿದರೆ ಸಾಮಾನ್ಯವಾಗಿ 1.35. ಆದರೆ ಬಯೋಸ್‌ನ ಒಳಗೆ, ಎರಡು ಮೆನು ಕೆಳಗೆ, ಬೂಟ್ ವೋಲ್ಟೇಜ್ ಅಂತ ಬೇರೆ ಸಾಲು ಇತ್ತು. ಅದು ಆಟೋದಲ್ಲೇ ಕೂತಿತ್ತು. ಶ್ರುತಿ ಹಿಡಿಯುವ ಹೊತ್ತಿಗೆ ನಾನು ಕೊಟ್ಟ ವೋಲ್ಟೇಜ್ ಸಿಗುತ್ತಿದೆ ಅನ್ನುವುದಕ್ಕೆ ಖಾತ್ರಿ ಇರಲಿಲ್ಲ. ಅದನ್ನೂ 1.40ಕ್ಕೆ ಇಟ್ಟೆ. ವಾರಕ್ಕೆ ಮೂರು ಸಲ ಆಗುತ್ತಿದ್ದದ್ದು ಒಂದಕ್ಕೆ ಇಳಿಯಿತು. ಮೆಮೊರಿ ಕಂಟ್ರೋಲರ್‌ಗೆ ಹೋಗುವ ಎಸ್‌ಒಸಿ ವೋಲ್ಟೇಜನ್ನು ಆಟೋದಿಂದ ತೆಗೆದು 1.1ಕ್ಕೆ ಕಟ್ಟಿಹಾಕಿದೆ, ಮೆಮೊರಿಗೆ ಆದೇಶಗಳನ್ನು ಸ್ವಲ್ಪ ಸಾವಧಾನವಾಗಿ ಕಳಿಸುವ ಗೇರ್ ಡೌನ್ ಮೋಡ್ ಆನ್ ಮಾಡಿದೆ. ಇನ್ನೂ ಹತ್ತು ದಿನಕ್ಕೊಂದು ಸಲ ಹಳದಿ ದೀಪ. ನಡುವೆ ಬಯೋಸ್ ಕೂಡ ಅಪ್‌ಡೇಟ್ ಮಾಡಿದೆ, ಯುಪಿಎಸ್ ಇಟ್ಟುಕೊಂಡೇ. ನನ್ನ ಬೋರ್ಡಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಕೊನೆಗೆ 2024ರ ಫೆಬ್ರವರಿಯಲ್ಲಿ 3600ಕ್ಕೆ ವಾಪಸ್ ಬಂದೆ. ಅಲ್ಲಿ ರ‍್ಯಾಮ್ ನಿಜವಾಗಿ ಓಡುವುದು 1800 ಮೆಗಾಹರ್ಟ್ಸ್‌ನಲ್ಲಿ (ಪ್ರತಿ ಬಡಿತಕ್ಕೆ ಎರಡು ಸಲ ಕಳಿಸುವುದರಿಂದ 3600 ಅನ್ನುತ್ತಾರೆ), ಪ್ರೊಸೆಸರ್ ಒಳಗಿನ ಭಾಗಗಳನ್ನು ಬೆಸೆಯುವ ಇನ್ಫಿನಿಟಿ ಫ್ಯಾಬ್ರಿಕ್ ಕೂಡ ಅದೇ 1800ರಲ್ಲಿ ಜೊತೆಜೊತೆಗೆ. ಈ ತಲೆಮಾರಿನ ರೈಜನ್‌ಗೆ ಅದು ಹಾಯಾದ ಜಾಗ. 3733ಕ್ಕೆ ಫ್ಯಾಬ್ರಿಕ್ 1866 ಆಗಬೇಕು. ಕೆಲವು ಚಿಪ್‌ಗಳು ಅದನ್ನೂ ದಾಟುತ್ತವೆ, ನನ್ನ ಜೋಡಿ ದಾಟಿ ಏದುಸಿರು ಬಿಡುತ್ತಿತ್ತು. ಒಂದು ಮಾತು: ಈ ಚಿಪ್‌ಗೆ ಎಎಂಡಿ ಅಧಿಕೃತವಾಗಿ ಹೇಳುವುದು 3200 ಮಾತ್ರ. 3600ರ ಕಿಟ್ ಕೊಂಡು ಎಕ್ಸ್‌ಎಂಪಿ ಒತ್ತಿ 'ನಾನು ಓವರ್‌ಕ್ಲಾಕ್ ಮಾಡಿಲ್ಲ' ಅನ್ನುವವರು ತುಂಬಾ ಜನ ಇದ್ದಾರೆ. ಮಾಡಿದ್ದೀರಿ.

ಇಷ್ಟೆಲ್ಲ ಕಷ್ಟಪಟ್ಟಿದ್ದು ಯಾವುದಕ್ಕೆ ಅಂತ ಅಳೆದೂ ನೋಡಿದೆ. ಒಂದೇ ಮುಹೂರ್ತದ ವಿಡಿಯೋ, ಒಂದೇ ಸಾಫ್ಟ್‌ವೇರ್. 3733ರಲ್ಲಿ ಎಕ್ಸ್‌ಪೋರ್ಟ್‌ಗೆ 18 ನಿಮಿಷ 40 ಸೆಕೆಂಡ್. 3600ರಲ್ಲಿ 18 ನಿಮಿಷ 51 ಸೆಕೆಂಡ್. ಹನ್ನೊಂದು ಸೆಕೆಂಡ್ ಉಳಿಸಲು ಹೋಗಿ ನಾಲ್ಕು ಸಾವಿರ ರೂಪಾಯಿ, ಮೂರು ತಿಂಗಳ ಬೆಳಗು ಮತ್ತು "ಅಣ್ಣ, ನಮ್ಮ ಪೆನ್‌ಡ್ರೈವ್ ಯಾವಾಗ ಕೊಡ್ತೀರಾ?" ಅನ್ನೋ ಫೋನ್‌ಗಳು. 2400ಕ್ಕೆ ಇಳಿದಿದ್ದಾಗ 20 ನಿಮಿಷ ದಾಟಿತ್ತು, ಅದು ಮಾತ್ರ ಲೆಕ್ಕಕ್ಕೆ ಬರುವ ವ್ಯತ್ಯಾಸ.

ಆಮೇಲೆ 2024ರ ಡಿಸೆಂಬರ್, 2025ರ ಜನವರಿ ಎರಡೂ ಕಳೆದವು. ಡೈರಿಯಲ್ಲಿ ಒಂದೇ ಒಂದು ಹಳದಿ ದೀಪದ ದಿನವೂ ಇಲ್ಲ. ರಿಪೇರಿ ಅಂಗಡಿಯವರಿಗೆ ನಿಜ ಹೇಳಿದೆ. "ಗೊತ್ತಿತ್ತು ಬಿಡಿ ಸರ್" ಅಂದು ನಕ್ಕರು. ಎಸ್‌ಎಂಪಿಎಸ್ ದುಡ್ಡಿನ ಮಾತು ಇಬ್ಬರೂ ಎತ್ತಲಿಲ್ಲ.

ಪ್ರೊಸೆಸರ್‌ಗೆ ಐದಕ್ಕೆ ಐದು ಸ್ಟಾರ್. 3200ರ ಹಣೆಪಟ್ಟಿ ಹೊತ್ತು 3600ರಲ್ಲಿ ಓಡುತ್ತಿರುವ ರ‍್ಯಾಮ್‌ಗೂ ಐದು. ಬೋರ್ಡಿಗೆ ನಾಲ್ಕು, ಆ ಬೂಟ್ ವೋಲ್ಟೇಜ್ ಸಾಲನ್ನು ಅಷ್ಟು ಒಳಗೆ ಬಚ್ಚಿಡಬಾರದಿತ್ತು.

ಈಗ 4ಕೆ ವಿಡಿಯೋ ಕೇಳುವವರು ಜಾಸ್ತಿಯಾಗಿದ್ದಾರೆ. ಇನ್ನೆರಡು ಸ್ಟಿಕ್ ಹಾಕಿ 64 ಜಿಬಿ ಮಾಡಬೇಕು ಅಂತಿದ್ದೇನೆ. ನನ್ನವು ಡ್ಯುಯಲ್ ರ‍್ಯಾಂಕ್ ಸ್ಟಿಕ್‌ಗಳು. ಅಂದರೆ ಒಂದೊಂದರಲ್ಲೂ ಎರಡು ಗುಂಪು ಚಿಪ್ ಇರುವಂಥವು. ಅಂಥ ನಾಲ್ಕು ಸ್ಟಿಕ್‌ಗೆ ಎಎಂಡಿ ಹೇಳುವುದು 2667 ಅಷ್ಟೇ. 3200ರಲ್ಲಿ ನಿಂತರೆ ಸಾಕು, ಅದಕ್ಕಿಂತ ಮೇಲೆ ಕೈ ಹಾಕಲ್ಲ ಅಂತ ಮನೆಯಲ್ಲಿ ಹೇಳಿದ್ದೇನೆ. ಡೈರಿಯಲ್ಲಿ ಇನ್ನೂ ಖಾಲಿ ಹಾಳೆಗಳಿವೆ.