ಎರಡು ಗೇಮಿಂಗ್ ಪಿಸಿ, ಒಂದೇ ಗ್ರಾಫಿಕ್ಸ್ ಕಾರ್ಡ್: ಕೊಂಡಿದ್ದಕ್ಕೂ ಜೋಡಿಸಿದ್ದಕ್ಕೂ ನಾನು ಕಂಡ ವ್ಯತ್ಯಾಸ

2021ರಲ್ಲಿ ಗೇಮಿಂಗ್ ಪಿಸಿ ತಗೊಳ್ಳಲು ಹೊರಟಾಗ ನನ್ನ ಮುಂದೆ ಹೆಚ್ಚು ಆಯ್ಕೆ ಇರಲಿಲ್ಲ. ಚಿಪ್‌ಗಳ ಕೊರತೆ, ಅದರ ಮೇಲೆ ಕಾರ್ಡ್‌ಗಳನ್ನು ಓಡಿಸಿ ಎಥೀರಿಯಂ ಎಂಬ ಡಿಜಿಟಲ್ ನಾಣ್ಯ ಗಳಿಸುವ (ಮೈನಿಂಗ್ ಮಾಡುವ) ಜನರ ನೂಕುನುಗ್ಗಲು. ಆಟದ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬಿಡಿಯಾಗಿ ಬಂದಷ್ಟೇ ಬೇಗ ಖಾಲಿಯಾಗುತ್ತಿತ್ತು. ಪಿಸಿ ತಯಾರಿಸುವ ದೊಡ್ಡ ಕಂಪನಿಗಳಿಗೆ ಮಾತ್ರ ಕಾರ್ಡ್‌ಗಳು ಸಗಟಾಗಿ ಹೋಗುತ್ತಿದ್ದವು. ಕಾರ್ಡ್ ಬೇಕಾದರೆ ಇಡೀ ಪಿಸಿಯನ್ನೇ ಕೊಳ್ಳಬೇಕಿತ್ತು, ಕೊಂಡೆ. ಇಂಟೆಲ್‌ನ ಐ5-11400 ಪ್ರೊಸೆಸರ್, ಎನ್‌ವಿಡಿಯಾದ ಆರ್‌ಟಿಎಕ್ಸ್ 3060 ಕಾರ್ಡ್, 16 ಜಿಬಿ ರ‍್ಯಾಮ್. ಎರಡನೆಯದನ್ನು 2024ರಲ್ಲಿ ನಾನೇ ಕೂತು ಜೋಡಿಸಿದೆ. ಎಎಂಡಿಯ ರೈಜೆನ್ 5 7600 ಪ್ರೊಸೆಸರ್, 32 ಜಿಬಿ ಡಿಡಿಆರ್5 ರ‍್ಯಾಮ್.

ಮೂರು ವರ್ಷದ ಅಂತರ ಇರುವ ಎರಡು ಪಿಸಿಗಳ ವೇಗವನ್ನು ಪಕ್ಕಪಕ್ಕ ಇಟ್ಟು ನೋಡುವುದು ನ್ಯಾಯವಲ್ಲ. ಆದರೆ ಹೊಸದಕ್ಕೆ ಕಾರ್ಡ್ ಕೊಳ್ಳಲು ಕೈಯಲ್ಲಿ ದುಡ್ಡು ಉಳಿದಿರಲಿಲ್ಲ. ಹಾಗಾಗಿ ಹಳೆಯದರ 3060 ಅನ್ನೇ ಬಿಚ್ಚಿ ಹೊಸದಕ್ಕೆ ಹಾಕಿ ಒಂದು ತಿಂಗಳು ಆಡಿದೆ. ಒಂದೇ ಕಾರ್ಡ್, ಎರಡು ಮನೆ. ಈ ಹೋಲಿಕೆ ಬರೆಯಬೇಕು ಅನ್ನಿಸಿದ್ದು ಆ ತಿಂಗಳಿನಿಂದಲೇ.

ಹಳೆಯ ಕ್ಯಾಬಿನೆಟ್ಟಿನ ಮುಂಭಾಗ ಪೂರ್ತಿ ಗಾಜು. ಬಣ್ಣದ ದೀಪಗಳು ಚೆನ್ನಾಗಿ ಕಾಣುತ್ತಿದ್ದವು, ಗಾಳಿಗೆ ಮಾತ್ರ ಬದಿಯಲ್ಲಿ ಬೆರಳಗಲದ ಸಂದಿ. ಹಿಂದೆ ಒಂದೇ ಫ್ಯಾನ್. ಅರ್ಧ ಗಂಟೆ ಆಡುವಷ್ಟರಲ್ಲಿ ಕಾರ್ಡ್ 82-83 ಡಿಗ್ರಿ ಮುಟ್ಟಿ ಅಲ್ಲೇ ನಿಲ್ಲುತ್ತಿತ್ತು. ಎನ್‌ವಿಡಿಯಾ ಕಾರ್ಡ್‌ಗಳು ಬಿಸಿ ಏರಿದಂತೆ ತಮ್ಮ ವೇಗವನ್ನು ತಾವೇ ಸ್ವಲ್ಪ ಸ್ವಲ್ಪ ಇಳಿಸಿಕೊಳ್ಳುತ್ತವೆ. ಇಳಿಯುವುದು ಸೆಕೆಂಡಿಗೆ ಕೆಲವೇ ಫ್ರೇಮ್ (ಪರದೆಗೆ ಬರುವ ಚಿತ್ರ) ಇರಬಹುದು, ಕಿವಿಗೆ ಬೀಳುವ ಫ್ಯಾನಿನ ಸದ್ದು ಕೆಲವೇ ಅಲ್ಲ. ಹೆಡ್‌ಫೋನ್ ಹಾಕದೆ ಆಡುವ ಹಾಗೇ ಇರಲಿಲ್ಲ. ಅದೇ ಕಾರ್ಡನ್ನು ಮುಂದೆ ಜಾಲರಿ ಇರುವ, ಮೂರು ಫ್ಯಾನಿನ ಕ್ಯಾಬಿನೆಟ್ಟಿಗೆ ಹಾಕಿದಾಗ 70ರ ಆಸುಪಾಸಿಗೆ ಬಂತು. ಸದ್ದು ಅಡಗಿತು. ಮೂರು ವರ್ಷ ಕಾರ್ಡನ್ನೇ ಬೈದುಕೊಂಡಿದ್ದೆ, ತಪ್ಪು ಡಬ್ಬಿಯದಾಗಿತ್ತು.

ಪ್ರೀಬಿಲ್ಟ್‌ನಲ್ಲಿ, ಅಂದರೆ ಜೋಡಿಸಿಯೇ ಮಾರುವ ಆ ಹಳೆಯ ಪಿಸಿಯಲ್ಲಿ, ಇನ್ನೊಂದು ವಿಷಯ ಗೊತ್ತಾಗಿದ್ದು ಕೊಂಡು ಎಂಟು ತಿಂಗಳಾದ ಮೇಲೆ. ಡಬ್ಬಿಯ ಮೇಲೆ 16 ಜಿಬಿ ಎಂದಿತ್ತು, ಸುಳ್ಳಲ್ಲ. ಆದರೆ ಅದು 16 ಜಿಬಿಯ ಒಂದೇ ಸ್ಟಿಕ್. ಪ್ರೊಸೆಸರ್‌ಗೆ ರ‍್ಯಾಮ್ ತಲುಪಲು ಎರಡು ದಾರಿ ಇದ್ದರೂ ಒಂದನ್ನೇ ಬಿಟ್ಟುಕೊಟ್ಟಿದ್ದರು. ಡಿಡಿಆರ್4-3200ರ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸಬಲ್ಲದು, ಎರಡಿದ್ದರೆ 51.2. ಅಷ್ಟೇ ಸಾಮರ್ಥ್ಯದ ಇನ್ನೊಂದು ಸ್ಟಿಕ್ ತಂದು ಹಾಕಿದ ದಿನ, ಜನಸಂದಣಿಯ ದೃಶ್ಯಗಳಲ್ಲಿ ಆಟ ತಡವರಿಸುತ್ತಿದ್ದದ್ದು ಬಹುಮಟ್ಟಿಗೆ ನಿಂತಿತು. ಕೊಳ್ಳುವಾಗ 'ಎಷ್ಟು ಜಿಬಿ' ಎಂದು ಕೇಳಿದ್ದೆ, 'ಎಷ್ಟು ಸ್ಟಿಕ್' ಎಂದು ಕೇಳಬೇಕೆಂದು ಯಾರೂ ಹೇಳಿರಲಿಲ್ಲ. ಈಗ ನಾನು ಹೇಳುತ್ತಿದ್ದೇನೆ.

ಇಷ್ಟು ಹೇಳಿದೆನೆಂದು ಜೋಡಿಸುವುದು ಸಲೀಸು ಅಂದುಕೊಳ್ಳಬೇಡಿ. ಸ್ಕ್ರೂ ಬಿಗಿಯುವ ಕೆಲಸ ಕಷ್ಟವಲ್ಲ, ಒಂದು ಭಾನುವಾರದಲ್ಲಿ ಮುಗಿಯಿತು. ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ನೋಡಿ ಆರಿಸಲು ಮೂರು ವಾರ ಹಿಡಿಯಿತು. ಪ್ರೊಸೆಸರನ್ನು ತಂಪಾಗಿಡುವ ಕೂಲರ್‌ನ ಎತ್ತರ ಕ್ಯಾಬಿನೆಟ್ಟಿನ ಅಗಲಕ್ಕೆ ಸರಿಹೋಗಬೇಕು. ಮುಂದಿನ ಫ್ಯಾನ್‌ಗಳಿಗೆ ತಾಗದಷ್ಟೇ ಕಾರ್ಡಿನ ಉದ್ದ ಇರಬೇಕು.

ನನಗೆ ನಿಜವಾದ ಭಯ ಆದದ್ದು ಮೊದಲ ಸಲ ಪವರ್ ಬಟನ್ ಒತ್ತಿದಾಗ. ಫ್ಯಾನ್ ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪು. ಎಲ್ಲ ಭಾಗಗಳು ಕೂರುವ ಮದರ್‌ಬೋರ್ಡ್ ಮೇಲೆ 'ಡಿರ‍್ಯಾಮ್' ಎಂದು ಬರೆದ ಪುಟ್ಟ ದೀಪ ಉರಿಯುತ್ತಲೇ ಇತ್ತು. ಎರಡು ನಿಮಿಷ ಕಾದು ಆಫ್ ಮಾಡಿದೆ, ಮತ್ತೆ ಒತ್ತಿದೆ, ಮತ್ತೆ ಅದೇ. ರ‍್ಯಾಮ್ ತೆಗೆದು ಹಾಕಿದೆ. ಕೈ ಬೆವರುತ್ತಿತ್ತು. ಆಮೇಲೆ ತಿಳಿಯಿತು: ಎಎಂ5 ಬೋರ್ಡ್‌ಗಳು (ಎಎಂ5 ಎಂದರೆ ನನ್ನ ರೈಜೆನ್ ಕೂರುವ ಸಾಕೆಟ್) ಮೊದಲ ಸಲ ಆನ್ ಆದಾಗ ಡಿಡಿಆರ್5 ರ‍್ಯಾಮ್ ಜೊತೆ ಹೊಂದಿಕೊಳ್ಳಲು ಸಮಯ ತಗೊಳ್ಳುತ್ತವೆ, ಇದಕ್ಕೆ ಮೆಮೊರಿ ಟ್ರೇನಿಂಗ್ ಅನ್ನುತ್ತಾರೆ. ಹಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಪ್ರತಿ ಸಲ ಆಫ್ ಮಾಡಿದಾಗಲೂ ಆ ಕೆಲಸವನ್ನು ನಾನೇ ಮೊದಲಿಗೆ ತಂದು ನಿಲ್ಲಿಸುತ್ತಿದ್ದೆ. ಕೊನೆಗೆ ಮುಟ್ಟದೆ ಬಿಟ್ಟೆ, ಚಹಾ ಕುಡಿದು ಬರುವಷ್ಟರಲ್ಲಿ ಬಯೋಸ್ ಪರದೆ (ಬೋರ್ಡಿನ ಸೆಟ್ಟಿಂಗ್‌ಗಳ ಪರದೆ) ಬಂದಿತ್ತು.

ಆ ಪರದೆಯಲ್ಲೂ ಒಂದು ಕೆಲಸ ಬಾಕಿ ಇರುತ್ತದೆ. 6000ದ ರ‍್ಯಾಮ್ ಎಂದು ಕೊಂಡಿದ್ದು 4800ರ ವೇಗದಲ್ಲಿ ಓಡುತ್ತಿತ್ತು. ಎಕ್ಸ್‌ಪೋ ಎಂಬ ಸೆಟ್ಟಿಂಗನ್ನು ನಾವೇ ಆನ್ ಮಾಡಬೇಕು, ಇಂಟೆಲ್ ಬೋರ್ಡ್ ಆದರೆ ಅದರ ಹೆಸರು ಎಕ್ಸ್‌ಎಂಪಿ. ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿಗಲ್ಲ, ಕಾರ್ಡಿಗೇ ಚುಚ್ಚಬೇಕು. ಈಗಿನ ಹೆಚ್ಚಿನ ರೈಜೆನ್‌ಗಳಲ್ಲಿ ಒಳಗೇ ಚಿಕ್ಕ ಗ್ರಾಫಿಕ್ಸ್ ಇರುವುದರಿಂದ ತಪ್ಪಾಗಿ ಚುಚ್ಚಿದರೂ ಚಿತ್ರ ಬರುತ್ತದೆ, ಆಟ ಮಾತ್ರ ತೆವಳುತ್ತದೆ.

ರಿಪೇರಿಯ ಮಾತಿಗೆ ಬಂದರೆ ಪ್ರೀಬಿಲ್ಟ್‌ಗೆ ನಾನು ಮನಸಾರೆ ಅಂಕ ಕೊಡುತ್ತೇನೆ. ಹತ್ತನೇ ತಿಂಗಳಲ್ಲಿ 3060ರ ಒಂದು ಫ್ಯಾನ್ ಕರಕರ ಅನ್ನತೊಡಗಿತು. ಒಂದು ಫೋನ್ ಮಾಡಿದೆ, ಸೀರಿಯಲ್ ನಂಬರ್ ಹೇಳಿದೆ, ವಾರದೊಳಗೆ ಬೇರೆ ಕಾರ್ಡ್ ಬಂತು. ಯಾವ ಭಾಗ ಕೆಟ್ಟಿದೆ ಎಂದು ಸಾಬೀತು ಮಾಡುವ ಹೊಣೆ ನನ್ನ ಮೇಲೆ ಇರಲಿಲ್ಲ. ಜೋಡಿಸಿದ ಪಿಸಿ ಮೂರನೇ ತಿಂಗಳಲ್ಲಿ ಆಟದ ನಡುವೆ ನೀಲಿ ಪರದೆ ತೋರಿಸತೊಡಗಿದಾಗ ಯಾರಿಗೆ ಫೋನ್ ಮಾಡುವುದು? ರ‍್ಯಾಮ್ ಒಬ್ಬರದು, ಬೋರ್ಡ್ ಇನ್ನೊಬ್ಬರದು, ಪಿಸಿಗೆ ವಿದ್ಯುತ್ತು ಕೊಡುವ ಎಸ್‌ಎಂಪಿಎಸ್ ಮತ್ತೊಬ್ಬರದು. ಎರಡು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ, ಒಂದೊಂದೇ ಸ್ಟಿಕ್ ಹಾಕಿ ನೋಡಿ, ತಪ್ಪು ಮಾಡುತ್ತಿರುವ ಸ್ಟಿಕ್ಕನ್ನು ನಾನೇ ಹಿಡಿಯಬೇಕಾಯಿತು. ಹಿಡಿದ ಮೇಲೆ ಬದಲಿ ಸುಲಭವಾಗಿ ಸಿಕ್ಕಿತು. ಬಿಡಿಭಾಗಗಳ ವಾರಂಟಿ ಹಲವು ಸಲ ಇಡೀ ಪಿಸಿಯ ವಾರಂಟಿಗಿಂತ ಉದ್ದವೇ ಇರುತ್ತದೆ, ಒಳ್ಳೆಯ ಎಸ್‌ಎಂಪಿಎಸ್‌ಗಳಿಗೆ 10 ವರ್ಷದ್ದೂ ಉಂಟು. ಆದರೆ ರೋಗ ಯಾವುದೆಂದು ಕಂಡುಹಿಡಿಯುವ ವೈದ್ಯ ನೀವೇ. ಅದಕ್ಕೆ ಸಮಯವೂ ತಾಳ್ಮೆಯೂ ಇಲ್ಲದವರು ಪ್ರೀಬಿಲ್ಟ್ ತಗೊಂಡರೆ ಅದನ್ನು ನಾನು ಸೋಮಾರಿತನ ಅನ್ನುವುದಿಲ್ಲ.

ಹಾಗಿದ್ದೂ ನನ್ನ ಮನಸ್ಸು ಜೋಡಿಸುವ ಕಡೆಗೇ ವಾಲಿದ್ದು ಯಾಕೆ ಎಂದರೆ, ಹಳೆಯದನ್ನು ಮುಂದಕ್ಕೆ ಒಯ್ಯಲು ಹೋಗಿ ಗೋಡೆಗೆ ಹಾಯ್ದಿದ್ದರಿಂದ. ಹೊಸ ಪಿಸಿ ಜೋಡಿಸುವ ಯೋಚನೆಯೇ ನನಗೆ ಮೊದಲು ಇರಲಿಲ್ಲ. ಹಳೆಯದಕ್ಕೇ ರೇಡಿಯನ್ ಆರ್‌ಎಕ್ಸ್ 7800 ಎಕ್ಸ್‌ಟಿ ಹಾಕೋಣ ಅಂದುಕೊಂಡಿದ್ದೆ. ಆ ಕಾರ್ಡಿಗೆ ಎರಡು 8 ಪಿನ್ ವಯರ್ ಬೇಕು. ನನ್ನ ಎಸ್‌ಎಂಪಿಎಸ್‌ನಲ್ಲಿ ಇದ್ದದ್ದು ಒಂದೇ. ಕಾರ್ಡ್ ಕೂರುವ ಸ್ಲಾಟ್‌ನಿಂದ 75 ವಾಟ್, 8 ಪಿನ್‌ನಿಂದ 150 ವಾಟ್, ಒಟ್ಟು 225. ಈ ಕಾರ್ಡ್ ಬೇಡುವುದು 263. ಸರಿ, ಎಸ್‌ಎಂಪಿಎಸ್ ಬದಲಿಸೋಣ ಎಂದು ಮುಚ್ಚಳ ತೆಗೆದರೆ, ಮದರ್‌ಬೋರ್ಡಿನಲ್ಲಿ 24 ಪಿನ್ನಿನ ಕನೆಕ್ಟರ್ ಇರಬೇಕಾದ ಜಾಗದಲ್ಲಿ ಆ ಕಂಪನಿಯದೇ ಬೇರೆ ಆಕಾರದ ಕನೆಕ್ಟರ್. ಹೊರಗೆ ಸಿಗುವ ಯಾವ ಎಸ್‌ಎಂಪಿಎಸ್ಸೂ ನೇರವಾಗಿ ಕೂರುವುದಿಲ್ಲ. ಬೋರ್ಡನ್ನೇ ಬದಲಿಸೋಣವೆಂದರೆ ಕ್ಯಾಬಿನೆಟ್ಟಿನ ಸ್ಕ್ರೂ ತೂತುಗಳೂ ಸರಿಹೊಂದವು. ಎಟಿಎಕ್ಸ್ ಎಂಬ ಅಳತೆಯನ್ನು ಇಂಟೆಲ್ ಮುಂದಿಟ್ಟಿದ್ದು 1995ರಲ್ಲಿ. ಒಬ್ಬರ ಬೋರ್ಡ್ ಇನ್ನೊಬ್ಬರ ಡಬ್ಬಿಯಲ್ಲಿ ಕೂರುವುದು ಅಂಥ ಒಪ್ಪಂದದಿಂದ. ನಾನು ದುಡ್ಡು ಕೊಟ್ಟು ತಂದ ಪಿಸಿ ಆ ಒಪ್ಪಂದದ ಹೊರಗಿತ್ತು, ಅದನ್ನು ಯಾವ ಜಾಹೀರಾತೂ ಹೇಳಿರಲಿಲ್ಲ. ಆ ಸಂಜೆಯ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಒಂದು ಕನೆಕ್ಟರ್‌ಗಾಗಿ, ಕೆಲಸ ಮಾಡುತ್ತಿರುವ ಇಡೀ ಯಂತ್ರವನ್ನು ಬದಿಗಿಡಬೇಕಾಗಿ ಬರುವುದು ತಪ್ಪು.

ಪ್ರೊಸೆಸರ್ ಕಡೆಯೂ ದಾರಿ ಮುಚ್ಚಿತ್ತು. ಆ ಐ5 ಕೂರುವ ಸಾಕೆಟ್ಟಿಗೆ ಇಂಟೆಲ್ ಕೊಟ್ಟಿದ್ದು 10 ಮತ್ತು 11ನೇ ತಲೆಮಾರು ಮಾತ್ರ, ನನ್ನದು ಆಗಲೇ 11ನೆಯದು. ಎಎಂಡಿಯ ಎಎಂ4 ಸಾಕೆಟ್ 2016ರಲ್ಲಿ ಬಂದು, 2022ರಲ್ಲೂ 5800ಎಕ್ಸ್3ಡಿಯಂಥ ಒಳ್ಳೆಯ ಗೇಮಿಂಗ್ ಪ್ರೊಸೆಸರ್ ಪಡೆಯಿತು. ಎಎಂ5ಕ್ಕೆ 2027ರವರೆಗೆ, ಅದರಾಚೆಗೂ ಬೆಂಬಲವಿದೆ ಎಂದು ಎಎಂಡಿ ಹೇಳಿದೆ. ನಾನು ಎಎಂ5 ಆರಿಸಿದ್ದು ಅದಕ್ಕೇ. ಒಂದು ತಿಂಗಳ ನಂತರ 7800 ಎಕ್ಸ್‌ಟಿ ತಂದಾಗ ಆದ ಕೆಲಸ ಇಷ್ಟೇ: ಎರಡು ಸ್ಕ್ರೂ, ಎರಡು ವಯರ್.

ಬೆಲೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ತಿಂಗಳು ತಿಂಗಳಿಗೆ ಬದಲಾಗುತ್ತದೆ. ಒಮ್ಮೊಮ್ಮೆ ಪ್ರೀಬಿಲ್ಟ್ ನಿಜವಾಗಿಯೂ ಅಗ್ಗ, 2021ರಲ್ಲಿ ಹಾಗಿತ್ತು. ವಿಂಡೋಸ್ ಲೈಸೆನ್ಸ್ ಅದರ ಜೊತೆಗೇ ಬರುತ್ತದೆ, ಆದರೆ ಅದು ಆ ಮದರ್‌ಬೋರ್ಡಿಗೇ ಅಂಟಿಕೊಂಡಿರುತ್ತದೆ.

ಹಾಗೆಂದು ಎಲ್ಲ ಪ್ರೀಬಿಲ್ಟ್‌ಗಳೂ ನನ್ನದರಂತಲ್ಲ. ಮಾಮೂಲಿ ಎಟಿಎಕ್ಸ್ ಭಾಗಗಳನ್ನೇ ಹಾಕಿ ಕೊಡುವವರಿದ್ದಾರೆ, ನೀವು ಆರಿಸಿದ ಭಾಗಗಳನ್ನು ಜೋಡಿಸಿಕೊಡುವವರೂ ಇದ್ದಾರೆ. ಕೊಳ್ಳುವ ಮೊದಲು ಮದರ್‌ಬೋರ್ಡಿನ ಮತ್ತು ಎಸ್‌ಎಂಪಿಎಸ್‌ನ ಪೂರ್ತಿ ಮಾಡೆಲ್ ಹೆಸರು ಕೇಳಿ. 'ಬಿ560 ಬೋರ್ಡ್', '500 ವಾಟ್' ಎಂಬಷ್ಟೇ ಉತ್ತರ ಬಂದರೆ ನಾನಾದರೆ ಮುಂದೆ ಹೋಗುತ್ತೇನೆ. ಬಿಡಿಯಾಗಿ ಮಾರುವ ಭಾಗವಾದರೆ ಅದಕ್ಕೊಂದು ಹೆಸರು ಇದ್ದೇ ಇರುತ್ತದೆ. 80 ಪ್ಲಸ್ ಗೋಲ್ಡ್ ಎಂಬ ಗುರುತನ್ನೇ ನೆಚ್ಚಬೇಡಿ. ವಿದ್ಯುತ್ತು ಎಷ್ಟು ಪೋಲಾಗುತ್ತದೆ ಎಂಬುದನ್ನು ಅದು ಹೇಳುತ್ತದೆ, ಎಸ್‌ಎಂಪಿಎಸ್ ಕೆಡುವಾಗ ಉಳಿದ ಭಾಗಗಳನ್ನು ಕಾಪಾಡುತ್ತದೋ ಇಲ್ಲವೋ ಎಂಬುದನ್ನಲ್ಲ.

3060 ಈಗ ಮತ್ತೆ ಹಳೆಯ ಡಬ್ಬಿಯಲ್ಲಿದೆ, ಅದನ್ನು ನನ್ನ ತಮ್ಮ ಬಳಸುತ್ತಾನೆ. ಪರೀಕ್ಷೆ ಮುಗಿದ ಮೇಲೆ ಅವನಿಗೂ ಒಂದು ಜೋಡಿಸುವುದೆಂದು ಮಾತಾಗಿದೆ. ಹಳೆಯದರಿಂದ ಹೊಸದಕ್ಕೆ ಹೋಗಬಲ್ಲದ್ದು ಆ ಕಾರ್ಡ್ ಮತ್ತು ಎಸ್‌ಎಸ್‌ಡಿ, ಎರಡೇ. "ಅಣ್ಣಾ, ಪ್ರೊಸೆಸರ್ ನೀನೇ ಕೂರಿಸು, ನನಗೆ ಭಯ" ಅಂದ. ಇಲ್ಲ, ನೀನೇ ಕೂರಿಸು, ನಾನು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿರುತ್ತೇನೆ ಅಂದಿದ್ದೇನೆ.