ಕಿಲ್ನ್ ಸಿಮ್ಯುಲೇಟರ್ ತರಬೇತಿ: ಕಲಬುರಗಿಯ ಒಂದು ಕೇಂದ್ರದ ವಿಮರ್ಶೆ

ಸೇಡಂ, ಚಿತ್ತಾಪುರ, ವಾಡಿ ಭಾಗದ ಸಿಮೆಂಟ್ ಕಾರ್ಖಾನೆಗಳ ಕಂಟ್ರೋಲ್ ರೂಮ್ ಆಪರೇಟರ್‌ಗಳಿಗಾಗಿ ಕಲಬುರಗಿಯ ಖಾಸಗಿ ಕೇಂದ್ರವೊಂದು ನಡೆಸುವ ಸಿಮ್ಯುಲೇಟರ್ ತರಬೇತಿಗೆ ನಮ್ಮ ಪಾಳಿಯ ಹುಡುಗರೊಂದಿಗೆ ನಾನೂ ಹೋಗಿದ್ದೆ. ಕೊಟ್ಟ ಹಣ ಸಾರ್ಥಕವೆನಿಸಿದ್ದು, ಆಪರೇಟರನ ಸಂದರ್ಭದ ಅರಿವನ್ನು ಅಲ್ಲಿ ಅಳೆಯುವ ಕ್ರಮದಿಂದ.

ಕಿಲ್ನ್, ಅಂದರೆ ಸಿಮೆಂಟಿನ ಕಚ್ಚಾ ಮಾಲನ್ನು ಸುಡುವ ಉದ್ದನೆಯ ತಿರುಗುವ ಕುಲುಮೆ, ಸಿಮ್ಯುಲೇಟರಿನ ಪರದೆಯ ಮೇಲೆ ಓಡುತ್ತಿರುವಾಗಲೇ ಬೋಧಕರು ಎಲ್ಲವನ್ನೂ ನಿಲ್ಲಿಸಿ, ಪರದೆಗಳನ್ನು ಕಪ್ಪಾಗಿಸಿ, ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಪ್ರಶ್ನಿಸುತ್ತಾರೆ. ಅಮೆರಿಕದ ಎಂಜಿನಿಯರ್ ಮೈಕಾ ಎಂಡ್ಸ್ಲಿ 1988ರಲ್ಲಿ ಮಂಡಿಸಿದ ಈ ವಿಧಾನ ವಿಮಾನ ಚಾಲಕರ ಅಧ್ಯಯನದಿಂದ ಬಂದದ್ದು. ಕಾಣುವುದು, ಕಂಡದ್ದರ ಅರ್ಥ ತಿಳಿಯುವುದು, ಮುಂದೇನಾಗುವುದೆಂದು ಊಹಿಸುವುದು ಎಂಬ ಅರಿವಿನ ಮೂರು ಹಂತಗಳನ್ನು ಅವರು 1995ರಲ್ಲಿ ವಿವರವಾಗಿ ನಿರೂಪಿಸಿದರು. ನಿಜವಾದ ಕಿಲ್ನ್‌ನಲ್ಲಿ ಇಂಥ ಪರೀಕ್ಷೆ ಸಾಧ್ಯವಿಲ್ಲ. ಕಾದ ಕಿಲ್ನನ್ನು ತಿರುಗಿಸದೆ ಬಿಟ್ಟರೆ ಅದರ ಉಕ್ಕಿನ ಕವಚವೇ ಬಾಗುತ್ತದೆ.

ಮೇನ್ ಡ್ರೈವ್ ಕರೆಂಟ್ (ಕಿಲ್ನನ್ನು ತಿರುಗಿಸುವ ಮೋಟಾರು ಎಳೆಯುವ ವಿದ್ಯುತ್) ಎಷ್ಟಿತ್ತೆಂದು ಕೇಳಿದಾಗ ನಮ್ಮ ಹುಡುಗನೊಬ್ಬ ಅಂಕಿಯನ್ನು ಸರಿಯಾಗಿಯೇ ಹೇಳಿದ; ಅದು ಏರುತ್ತಿತ್ತೋ ಇಳಿಯುತ್ತಿತ್ತೋ ಎಂದರೆ ಸುಮ್ಮನಾದ. ಅದು ಇಳಿಯುತ್ತಿತ್ತು. ಸುಮಾರು 1450 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕಾದ ಮಾಲು ತಣ್ಣಗಾದರೆ ಅದರ ಅಂಟು ಕಡಿಮೆಯಾಗಿ, ಗೋಡೆಗುಂಟ ಮೇಲೇರದೆ ಜಾರುತ್ತದೆ, ಡ್ರೈವ್ ಮೇಲಿನ ಹೊರೆ ತಗ್ಗುತ್ತದೆ. ಗಮನಿಸದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಕ್ಲಿಂಕರ್‌ನಲ್ಲಿ (ಕಿಲ್ನ್‌ನಿಂದ ಹೊರಬರುವ ಸುಟ್ಟ ಉಂಡೆಗಳಲ್ಲಿ) ಫ್ರೀ ಲೈಮ್, ಅಂದರೆ ಬೆರೆಯದೆ ಉಳಿದ ಸುಣ್ಣ, ಏರುತ್ತದೆ. ಅಂಕಿ ಕಂಡಿದ್ದರೂ ಅರ್ಥ ಕಾಣದ ಆ ಕ್ಷಣವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಬೇರೆ ಸಾಧನವನ್ನು ನಮ್ಮ ಭಾಗದಲ್ಲಿ ನಾನು ಕಂಡಿಲ್ಲ.

ಆದರೆ ಕೊರತೆಗಳೂ ಇವೆ. ಏನಾದರೂ ಕೆಟ್ಟಾಗ ಮಾತ್ರ ಪರದೆ ಕಪ್ಪಾಗುತ್ತದೆಂಬುದು ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಕಿಲ್ನ್ ಶಾಂತವಾಗಿದ್ದಾಗಲೂ ನಿಲ್ಲಿಸದಿದ್ದರೆ ಅಳತೆಗೆ ಬೆಲೆಯಿಲ್ಲ. ಪ್ರಶ್ನೆಗಳಲ್ಲಿ ಹೆಚ್ಚಿನವು ಅಂಕಿಗಳನ್ನೇ ಕೇಳುತ್ತವೆ, ಮುಂದಿನ ಹತ್ತು ನಿಮಿಷದಲ್ಲಿ ಏನಾಗಬಹುದೆಂದು ಕೇಳುವವು ತೀರ ಕಡಿಮೆ. ಕೋಣೆಯಂತೂ ಗ್ರಂಥಾಲಯದಷ್ಟು ನಿಶ್ಶಬ್ದ. ನಮ್ಮಲ್ಲಿ ಪ್ರೀಹೀಟರ್ (ಮಾಲನ್ನು ಕಿಲ್ನ್‌ಗೆ ಮುಂಚೆ ಕಾಯಿಸುವ ಗೋಪುರ) ಮೇಲಿಂದ ವಾಕಿಟಾಕಿ ಕೂಗುತ್ತಿರುತ್ತದೆ, ಲ್ಯಾಬಿನಿಂದ ಫೋನ್ ಬರುತ್ತದೆ, ಅಲಾರಂಗಳು ಸಾಲುಗಟ್ಟುತ್ತವೆ; ಅರಿವು ಚದುರುವುದೇ ಆ ಗದ್ದಲದಲ್ಲಿ. ಪ್ರಶ್ನೆಗಳನ್ನು ಇಂಗ್ಲಿಷಿನ ಜೊತೆಗೆ ಕನ್ನಡದಲ್ಲಿಯೂ ಕೇಳಿದ್ದರೆ ಉತ್ತರಿಸಲು ತಡವರಿಸಿದ ಹಲವರು ತಮಗೆ ತಿಳಿದದ್ದನ್ನಾದರೂ ಹೇಳುತ್ತಿದ್ದರು.

ಹೊಸಬರನ್ನು ನೇರವಾಗಿ ಇಲ್ಲಿಗೆ ಕಳಿಸಬೇಡಿ. ಆರು ತಿಂಗಳಾದರೂ ಕಂಟ್ರೋಲ್ ರೂಮ್ ಡೆಸ್ಕ್‌ನಲ್ಲಿ ಕೂತವರನ್ನು ಕಳಿಸಿ, ಪ್ರತಿಯೊಬ್ಬರ ಉತ್ತರಪತ್ರಿಕೆಯನ್ನೂ ತಪ್ಪದೆ ಕೇಳಿ ಪಡೆಯಿರಿ. ಕೇಂದ್ರದವರು ತಾವಾಗಿ ಕೊಡುವುದಿಲ್ಲ.