ಖಾಲಿ ಫೋಲ್ಡರ್ ನನ್ನ ಬ್ಯಾಕಪ್ ಅಳಿಸಿತು: ಆರ್‌ಸಿಂಕ್‌ನಲ್ಲಿ --ಡಿಲೀಟ್ ಬಳಸುವವರು ದಯವಿಟ್ಟು ಓದಿ

ಲಿನಕ್ಸ್‌ನಲ್ಲಿ ಆರ್‌ಸಿಂಕ್‌ಗೆ (ಫೈಲ್‌ಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡುವ ಕಮಾಂಡ್) --ಡಿಲೀಟ್ ಸೇರಿಸಿ, ರಾತ್ರಿ ಕ್ರಾನ್‌ನಿಂದ (ಹೇಳಿದ ಹೊತ್ತಿಗೆ ಕೆಲಸ ತಾನೇ ಶುರುಮಾಡುವ ವ್ಯವಸ್ಥೆ) ಬ್ಯಾಕಪ್ ಓಡಿಸುತ್ತಿದ್ದೀರಾ? ಹಾಗಿದ್ದರೆ ಇವತ್ತೇ ಆ ಸ್ಕ್ರಿಪ್ಟ್ ತೆಗೆದು ನೋಡಿ.

ನಮ್ಮ ಅಜ್ಜಿ ಹಾಡಿದ ಬೀಸೋ ಪದ, ಸೋಬಾನೆ ಪದಗಳ 212 ರೆಕಾರ್ಡಿಂಗ್ ನನ್ನ ಹತ್ತಿರ ಇದ್ದವು. ಅಜ್ಜಿ ಈಗಿಲ್ಲ. ಯುಎಸ್‌ಬಿ ಡಿಸ್ಕ್‌ನಲ್ಲಿ ಒಂದು ಪ್ರತಿ, ಇನ್ನೊಂದು ಮಷಿನ್‌ನಲ್ಲಿ ಅದರ ಬ್ಯಾಕಪ್. ಎರಡು ಕಡೆ ಇದೆಯಲ್ಲ ಅಂತ ನೆಮ್ಮದಿಯಾಗಿದ್ದೆ.

ಒಂದು ಸಂಜೆ ಕರೆಂಟ್ ಹೋಗಿ ಬಂತು. ಮಷಿನ್ ತಾನೇ ಶುರುವಾಯಿತು, ಡಿಸ್ಕ್ ಮಾತ್ರ ಏಳಲಿಲ್ಲ. ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು (ಯಾವ ಫೋಲ್ಡರ್‌ಗೆ ಜೋಡಿಸಬೇಕು) ಅಂತ ಬರೆದಿಡುವ ಫೈಲ್ ಎಫ್‌ಎಸ್‌ಟ್ಯಾಬ್. ಅದರಲ್ಲಿ ಈ ಡಿಸ್ಕ್‌ನ ಸಾಲಿಗೆ 'ನೋಫೇಲ್' (ಡಿಸ್ಕ್ ಸಿಗದಿದ್ದರೂ ಬೂಟ್ ಮುಂದುವರಿಯಲಿ ಅಂತ) ಹಾಕಿದ್ದೆ. ಅದು ಬೇಕೇ ಬೇಕು, ಇಲ್ಲದಿದ್ದರೆ ಡಿಸ್ಕ್ ಸಿಗದೆ ಬೂಟ್ ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತದೆ. ಆದರೆ ಅದು ಇದ್ದುದರಿಂದಲೇ ಡಿಸ್ಕ್ ಇಲ್ಲ ಅನ್ನೋದು ನನಗೆ ಗೊತ್ತಾಗಲಿಲ್ಲ. ಡಿಸ್ಕ್ ಮೌಂಟ್ ಆಗಬೇಕಿದ್ದ /ಎಂಎನ್‌ಟಿ/ಹಾಡು ಬರೀ ಖಾಲಿ ಫೋಲ್ಡರ್ ಆಗಿ ಉಳಿದಿತ್ತು. ರಾತ್ರಿ 2 ಗಂಟೆಗೆ ಕ್ರಾನ್ ತನ್ನ ಕೆಲಸ ಮಾಡಿತು. ಮೂಲದಲ್ಲಿ ಇಲ್ಲದ್ದನ್ನೆಲ್ಲ ಬ್ಯಾಕಪ್‌ನಿಂದ ತೆಗೆಯೋದೇ --ಡಿಲೀಟ್‌ನ ಅರ್ಥ. ಮೂಲದಲ್ಲಿ ಏನೂ ಇರಲಿಲ್ಲ.

ಬೆಳಿಗ್ಗೆ ಲಾಗ್ ತೆರೆದರೆ 'ಡಿಲೀಟಿಂಗ್' ಅಂತ ಶುರುವಾಗುವ ಸಾಲುಗಳು, ಪುಟಗಟ್ಟಲೆ. ಕೊನೆಯಲ್ಲಿ ಎಕ್ಸಿಟ್ ಕೋಡ್ 0. ಎಲ್ಲ ಸರಿಯಾಗಿ ಮುಗಿದಿದೆ ಅಂತ! ಓದುವಾಗ ಐ/ಒ ಎರರ್ ಬಂದರೆ ಆರ್‌ಸಿಂಕ್ ಅಳಿಸೋದನ್ನು ಬಿಟ್ಟುಬಿಡುತ್ತದೆ, ಅದನ್ನೇ ನಾನು ನಂಬಿದ್ದೆ. ಆದರೆ ಖಾಲಿ ಫೋಲ್ಡರ್ ಎರರ್ ಅಲ್ಲ ಅಲ್ವಾ? ಆಮೇಲೆ ಆ ಫೋಲ್ಡರ್ ಯಾವ ಡಿಸ್ಕ್‌ನಲ್ಲಿದೆ ಅಂತ ನೋಡೋಕೆ 'ಡಿಎಫ್ -ಎಚ್ /ಎಂಎನ್‌ಟಿ/ಹಾಡು' ಕೊಟ್ಟೆ. ಮೌಂಟ್ ಆದ ಜಾಗ ತೋರಿಸುವ ಕಾಲಮ್‌ನಲ್ಲಿ ಒಂಟಿ '/' ಇತ್ತು, ಅಂದರೆ ಅದು ಮಷಿನ್‌ನ ಮುಖ್ಯ (ರೂಟ್) ಡಿಸ್ಕ್, ಯುಎಸ್‌ಬಿ ಡಿಸ್ಕ್ ಅಲ್ಲ. ಹೊಟ್ಟೆ ತೊಳಸಿದ ಹಾಗಾಯಿತು.

ಯುಎಸ್‌ಬಿ ಡಿಸ್ಕ್ ಟಕ್ ಟಕ್ ಅನ್ನುತ್ತಿತ್ತು. ಅದು ಮತ್ತೆ ಏಳಲೇ ಇಲ್ಲ. ಉಳಿದ ದಾರಿ ಬ್ಯಾಕಪ್ ಡಿಸ್ಕ್ ಒಂದೇ. ತಕ್ಷಣ ಅದನ್ನು ಅನ್‌ಮೌಂಟ್ ಮಾಡಿದೆ. ಹೀಗಾದಾಗ ಮೊದಲು ಮಾಡಬೇಕಾದ್ದು ಇದೇ, ಅಲ್ಲಿಗೆ ಒಂದಕ್ಷರವೂ ಬರೆಯಬಾರದು. ಇಡೀ ಡಿಸ್ಕನ್ನು ಇಮೇಜ್ (ಇದ್ದಂತೆಯೇ ಪೂರ್ತಿ ನಕಲು) ಮಾಡಿಕೊಂಡು, ಆ ಇಮೇಜ್ ಮೇಲೆ ಫೋಟೋರೆಕ್ (ಅಳಿಸಿಹೋದ ಫೈಲ್ ಹುಡುಕುವ ತಂತ್ರಾಂಶ) ಓಡಿಸಿದೆ. ಅದು ಹಳೇ ಹಾರ್ಡ್ ಡಿಸ್ಕ್ ಆಗಿದ್ದಕ್ಕೆ ಇಷ್ಟಾದರೂ ಸಿಕ್ಕಿತು. ಎಸ್‌ಎಸ್‌ಡಿ ಆಗಿ, ಟ್ರಿಮ್ (ಅಳಿಸಿದ ಫೈಲ್‌ಗಳ ಜಾಗವನ್ನು ಖಾಲಿ ಮಾಡೋದು) ನಡೆದಿದ್ದರೆ ಬಹುಶಃ ಏನೂ ಸಿಗುತ್ತಿರಲಿಲ್ಲ.

ಈಗ ನನ್ನ ಸ್ಕ್ರಿಪ್ಟ್‌ನ ಮೊದಲ ಸಾಲೇ 'ಮೌಂಟ್‌ಪಾಯಿಂಟ್ -ಕ್ಯೂ' ಪರೀಕ್ಷೆ. ಡಿಸ್ಕ್ ಮೌಂಟ್ ಆಗಿಲ್ಲ ಅಂದರೆ ಅಲ್ಲೇ ನಿಂತು ನನಗೆ ಮೇಲ್ ಕಳಿಸುತ್ತದೆ. ಬ್ಯಾಕಪ್ ಇರುವ ಕಡೆಗೂ ಇದೇ ಪರೀಕ್ಷೆ ಇಟ್ಟಿದ್ದೇನೆ. ಜೊತೆಗೆ --ಮ್ಯಾಕ್ಸ್-ಡಿಲೀಟ್=20 ಹಾಕಿದ್ದೇನೆ. ಅದಕ್ಕಿಂತ ಜಾಸ್ತಿ ಅಳಿಸಬೇಕಾಗಿ ಬಂದರೆ 20ಕ್ಕೆ ನಿಲ್ಲಿಸಿ, ಎಕ್ಸಿಟ್ ಕೋಡ್ 25 ಕೊಡುತ್ತದೆ. ಅಳಿಸಬೇಕಾದ ಫೈಲ್ ಕೂಡ ನೇರವಾಗಿ ಹೋಗುವುದಿಲ್ಲ, --ಬ್ಯಾಕಪ್-ಡಿರ್ ಕೊಟ್ಟು ಆ ದಿನದ ತಾರೀಕಿನ ಫೋಲ್ಡರ್‌ಗೆ ಸರಿಸುತ್ತೇನೆ. ಸ್ಕ್ರಿಪ್ಟ್ ಬದಲಿಸಿದಾಗಲೆಲ್ಲ ಮೊದಲು -ಎನ್ ಹಾಕಿ, ನಿಜವಾಗಿ ಏನನ್ನೂ ಬದಲಿಸದೆ ಸುಮ್ನೆ ಓಡಿಸಿ, ಏನೇನು ಅಳಿಸಬೇಕು ಅನ್ನುತ್ತದೆ ಅಂತ ಓದುತ್ತೇನೆ.

ಇದೇ ತಪ್ಪು ತಿರುಗುಮುರುಗು ಆಗಿಯೂ ಕಾಡುತ್ತದೆ. ಗೆಳೆಯನೊಬ್ಬನಿಗೆ ಬ್ಯಾಕಪ್ ಡಿಸ್ಕೇ ಮೌಂಟ್ ಆಗಿರಲಿಲ್ಲ. ಫೈಲ್‌ಗಳೆಲ್ಲ ರೂಟ್ ಡಿಸ್ಕ್‌ಗೆ ಬಂದು ತುಂಬಿಕೊಂಡವು. ಆಮೇಲೆ ಡಿಸ್ಕ್ ಮೌಂಟ್ ಮಾಡಿದ ಮೇಲೆ ಅವು ಅದರ ಕೆಳಗೆ ಮುಚ್ಚಿಹೋದವು. ಡಿಎಫ್ ನೋಡಿದರೆ ರೂಟ್ ಪೂರ್ತಿ ತುಂಬಿದೆ, ಡಿಯು (ಕಾಣುವ ಫೈಲ್‌ಗಳ ಗಾತ್ರ ಕೂಡಿಸುವ ಕಮಾಂಡ್) ಲೆಕ್ಕದಲ್ಲಿ ಅರ್ಧವೂ ಇಲ್ಲ. ರೂಟನ್ನು ಬೇರೆ ಕಡೆ ಬೈಂಡ್ ಮೌಂಟ್ ಮಾಡಿ (ಇನ್ನೊಂದು ಫೋಲ್ಡರ್‌ನಲ್ಲೂ ಕಾಣುವ ಹಾಗೆ ಜೋಡಿಸಿ) ನೋಡಿದಾಗ ಸಿಕ್ಕವು. ಮೌಂಟ್ ಮಾಡುವ ಮೊದಲು ಆ ಖಾಲಿ ಫೋಲ್ಡರ್‌ಗೆ 'ಸಿಎಚ್ಆಟರ್ +ಐ' ಕೊಟ್ಟುಬಿಡಿ. ಆಗ ಡಿಸ್ಕ್ ಇಲ್ಲದಾಗ ಎಲ್ಲ ಅಧಿಕಾರ ಇರುವ ರೂಟ್ ಬಳಕೆದಾರನಿಗೂ ಅದರೊಳಗೆ ಬರೆಯಲಾಗುವುದಿಲ್ಲ, ಮೌಂಟ್ ಮಾಡೋದಕ್ಕೆ ಮಾತ್ರ ಏನೂ ತೊಂದರೆ ಇಲ್ಲ.

212ರಲ್ಲಿ 187 ಹಾಡು ಸಿಕ್ಕವು. ಕೆಲವು ಅರ್ಧಕ್ಕೇ ನಿಂತಿವೆ. ಯಾವುದಕ್ಕೂ ಹೆಸರಿಲ್ಲ, 'ಎಫ್' ಅಕ್ಷರದ ಮುಂದೆ ಉದ್ದದ ನಂಬರ್ ಅಷ್ಟೇ. ಭಾನುವಾರ ಅಮ್ಮನ ಪಕ್ಕ ಕೂತು ಒಂದೊಂದೇ ಹಾಕುತ್ತೇನೆ. ಅಮ್ಮ ಎರಡು ಸಾಲು ಕೇಳಿ ಹಾಡು ಯಾವುದು ಅಂತ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಇಲ್ಲಿಯವರೆಗೆ 64 ಆಗಿವೆ.